ಫೋಟೋದ ನೀರು ಮುಟ್ಟಿದರೆ ಅಲೆ ಏಳಬೇಕು: ಕೋಡ್ ಬರೆದು ಮಾಡುವ ಬಗೆ

ಮೇಲುಕೋಟೆಗೆ ಹೋಗಿ ಬಂದ ಮೇಲೆ ಕಲ್ಯಾಣಿಯ ಫೋಟೋವನ್ನು ಅಕ್ಕನ ಮಗಳಿಗೆ ತೋರಿಸುತ್ತಿದ್ದೆ. ಆರು ವರ್ಷದ ಹುಡುಗಿ. ಸರಿಯಾಗಿ ನೀರಿದ್ದ ಜಾಗಕ್ಕೇ ಬೆರಳಿಟ್ಟು ಎರಡು ಸಲ ತಟ್ಟಿದಳು. ಆಮೇಲೆ ನನ್ನ ಮುಖ ನೋಡಿ, "ಮಾಮಾ, ಇದು ಅಲ್ಲಾಡ್ತಾನೇ ಇಲ್ಲ" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನೀರು ಮುಟ್ಟಿದರೆ ಅಲೆ ಏಳಬೇಕು, ಅಲ್ವಾ? ಆ ವಾರ ಕೂತು ಒಂದು ಪುಟ್ಟ ವೆಬ್ ಪುಟ ಬರೆದೆ. ಅದರಲ್ಲಿ ಇರುವುದು ಒಂದೇ ಫೋಟೋ. ನೀರು ಮುಟ್ಟಿದರೆ ಅಲೆ ಹರಡುತ್ತದೆ. ಸುತ್ತಲಿನ ಮಂಟಪ ಮುಟ್ಟಿದರೆ ಅದಷ್ಟೇ ಬೆಳಗಿ, ಪಕ್ಕದಲ್ಲಿ ಹೆಸರು ಬರುತ್ತದೆ. ಮೌಸ್ ಆಡಿಸಿದರೆ ಹಿಂದಿನ ಬೆಟ್ಟ, ಮೇಲಿರುವ ಯೋಗಾನರಸಿಂಹನ ಗುಡಿಯ ಸಮೇತ, ಒಂಚೂರು ಸರಿಯುತ್ತದೆ. ಒಂದು ಕಾಲದಲ್ಲಿ ಇಂಥದ್ದಕ್ಕೆಲ್ಲ ಅಡೋಬಿಯ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್ ಬೇಕಿತ್ತು. 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲವೇ ನಿಂತುಹೋಯಿತು. ಈಗ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಇದ್ದರೆ ಸಾಕು. ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿಯೂ ಬೇಡ.

ನಿಮಗೆ ವೇರಿಯಬಲ್, ಲೂಪ್, ಫಂಕ್ಷನ್ ಗೊತ್ತಿದ್ದರೆ ಇದನ್ನು ಮಾಡಬಹುದು. ಕಾಪಿ ಹೊಡೆಯಲು ಇಡೀ ಕೋಡ್ ಕೊಡುವುದಿಲ್ಲ. ಯಾವ ಕೆಲಸ ಯಾಕೆ ಮಾಡಬೇಕು ಅನ್ನುವುದನ್ನು ಮಾತಿನಲ್ಲೇ ಹೇಳುತ್ತೇನೆ. ಲೆಕ್ಕ ಇರುವ ಕಡೆ ಮಾತ್ರ ಸೂತ್ರ ಬರೆಯುತ್ತೇನೆ, ಕನ್ನಡ ಹೆಸರುಗಳಲ್ಲೇ. ಅಂದ ಹಾಗೆ, ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗಳಿಗೆ ನಿಜವಾಗಿಯೂ ಕನ್ನಡದಲ್ಲೇ ಹೆಸರಿಡಬಹುದು. 'ಹಳೆನೀರು' ಅಂತ ಇಟ್ಟರೆ ಬ್ರೌಸರ್ ತಕರಾರು ಮಾಡುವುದಿಲ್ಲ. ಒಂದೇ ಎಚ್ಚರ: 'ಫ್ರೇಮ್' ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಬೇಡ. ಕೆಲವು ಕೀಬೋರ್ಡ್‌ಗಳು ಅಂಥ ಪದದ ಕೊನೆಗೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸಿಬಿಡುತ್ತವೆ. ನೋಡೋಕೆ ಎರಡೂ ಒಂದೇ. ಬ್ರೌಸರ್‌ಗೆ ಮಾತ್ರ ಅವು ಬೇರೆ ಬೇರೆ ಹೆಸರು. ಇದರ ಹಿಂದೆ ನಾನು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

1. ಮೊದಲು ಫೋಟೋ ಕತ್ತರಿಸಿ

ಕೋಡ್‌ಗೆ ನೀರು ಯಾವುದು, ಕಲ್ಲು ಯಾವುದು ಅಂತ ಗೊತ್ತಾಗುವುದಿಲ್ಲ. ನಾವೇ ಹೇಳಿಕೊಡಬೇಕು. ಗಿಂಪ್ ಥರದ ಯಾವುದಾದರೂ ಚಿತ್ರ ತಿದ್ದುವ ಸಾಫ್ಟ್‌ವೇರ್ ತೆರೆದು, ಒಂದೇ ಅಳತೆಯ ನಾಲ್ಕು ಚಿತ್ರ ಮಾಡಿಕೊಳ್ಳಿ. ನನ್ನದು 800 ಪಿಕ್ಸೆಲ್ ಅಗಲ, 500 ಎತ್ತರ.

ಮೊದಲನೆಯದು ಮುಂದಿನ ಪದರ: ಕಲ್ಯಾಣಿ, ಮೆಟ್ಟಿಲು, ಮಂಟಪ. ಬೆಟ್ಟ, ಆಕಾಶ ಇದ್ದ ಜಾಗ ಅಳಿಸಿ ಪಾರದರ್ಶಕ ಮಾಡಿ, ಪಿಎನ್‌ಜಿ ಆಗಿ ಉಳಿಸಿ. ಎರಡನೆಯದು ಹಿಂದಿನ ಪದರ, ಬೆಟ್ಟ ಮತ್ತು ಆಕಾಶ. ಮಂಟಪದ ಸೂರಿನ ಹಿಂದೆ ಹತ್ತು ಹನ್ನೆರಡು ಪಿಕ್ಸೆಲ್‌ನಷ್ಟು ಬೆಟ್ಟವನ್ನು ಕ್ಲೋನ್ ಟೂಲ್‌ನಿಂದ ಎಳೆದು ತುಂಬಿ. ಇಲ್ಲದಿದ್ದರೆ ಬೆಟ್ಟ ಸರಿದಾಗ ಸೂರಿನ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಮೂರನೆಯದು ಮೊದಲನೆಯದರ ನಕಲು, ಸ್ವಲ್ಪ ಬೆಳಕು ಜಾಸ್ತಿ ಮಾಡಿ, ಬಣ್ಣ ಒಂಚೂರು ಬೆಚ್ಚಗೆ ಮಾಡಿದ್ದು. ನಾಲ್ಕನೆಯದು ಮಾಸ್ಕ್. ನೀರಿರುವ ಕಡೆ ಬಿಳಿ, ಉಳಿದ ಕಡೆ ಕಪ್ಪು, ಅಷ್ಟೇ.

ಈ ನಾಲ್ಕರಲ್ಲಿ ಮಾಸ್ಕ್‌ಗೆ ಜಾಸ್ತಿ ಹೊತ್ತು ಕೊಡಿ. ಕಲ್ಯಾಣಿಯ ಮೆಟ್ಟಿಲುಗಳು ನೀರಿಗಿಳಿಯುವ ಗೆರೆಯನ್ನು ಸರಿಯಾಗಿ ಹಿಡಿಯಬೇಕು. ಅಲ್ಲಿ ನಾಲ್ಕು ಪಿಕ್ಸೆಲ್ ತಪ್ಪಿದರೂ ಅಲೆ ಬಂದಾಗ ಕಲ್ಲಿನ ಮೆಟ್ಟಿಲು ರಬ್ಬರಿನ ಹಾಗೆ ಬಳುಕುತ್ತದೆ.

ಪುಟದಲ್ಲಿ ಒಂದು ಡಬ್ಬಿ ಮಾಡಿ, ಅದರ ಪೊಸಿಷನ್ ರಿಲೇಟಿವ್ ಇರಲಿ. ಒಳಗಿನ ಪದರಗಳೆಲ್ಲ ಅಬ್ಸೊಲ್ಯೂಟ್. ಕೆಳಗಿನಿಂದ ಮೇಲೆ: ಬೆಟ್ಟ, ಮುಂದಿನ ಪದರ, ಬೆಳಗಿದ ನಕಲು, ನೀರಿಗಾಗಿ ಒಂದು ಕ್ಯಾನ್ವಾಸ್ (ಒಂದೊಂದು ಪಿಕ್ಸೆಲ್‌ಗೂ ನಾವೇ ಬಣ್ಣ ಹಾಕಬಹುದಾದ ಹಾಳೆ), ಎಲ್ಲಕ್ಕಿಂತ ಮೇಲೆ ಒಂದು ಎಸ್‌ವಿಜಿ (ಅಂಕಿ ಕೊಟ್ಟು ಗೆರೆ, ಆಕಾರ ಬಿಡಿಸುವ ಪದರ). ಎಸ್‌ವಿಜಿಯ ವ್ಯೂಬಾಕ್ಸ್ ಅನ್ನು 0 0 800 500 ಅಂತ ಕೊಟ್ಟುಬಿಟ್ಟರೆ ಪರದೆ ಎಷ್ಟೇ ಚಿಕ್ಕದಾದರೂ ಗೆರೆಗಳು ಫೋಟೋದ ಜೊತೆಗೇ ಕುಗ್ಗುತ್ತವೆ.

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಪುಟ ತೆರೆಯಬೇಡಿ. ಹಾಗೆ ತೆರೆದಾಗ ಕ್ಯಾನ್ವಾಸ್‌ನಿಂದ ಪಿಕ್ಸೆಲ್ ಓದಲು ಬ್ರೌಸರ್ ಬಿಡುವುದಿಲ್ಲ. ಭದ್ರತೆಯ ಎರರ್ ಕೊಡುತ್ತದೆ. ಕೋಡ್ ಸರಿಯಾಗೇ ಇರುತ್ತದೆ, ನೀವು ಸುಮ್ನೆ ತಲೆ ಕೆರೆದುಕೊಳ್ಳುತ್ತೀರಿ. ವಿಎಸ್ ಕೋಡ್‌ನ ಲೈವ್ ಸರ್ವರ್ ಆಗಲಿ, ಪೈಥಾನ್ ಜೊತೆ ಬರುವ ಪುಟ್ಟ ಸರ್ವರ್ ಆಗಲಿ, ಯಾವುದಾದರೊಂದನ್ನು ಓಡಿಸಿ ಅದರ ಮೂಲಕ ತೆರೆಯಿರಿ. ಚಿತ್ರಗಳೂ ಅದೇ ಜಾಗದಲ್ಲಿರಲಿ. ಬೇರೆ ಸೈಟಿನಿಂದ ಎಳೆದ ಚಿತ್ರಕ್ಕೂ ಇದೇ ತಕರಾರು ಬರುತ್ತದೆ.

2. ಬೆರಳು ಎಲ್ಲಿದೆ?

ಪಾಯಿಂಟರ್ ಈವೆಂಟ್‌ಗಳನ್ನೇ ಬಳಸಿ. ಮೌಸ್, ಬೆರಳು, ಪೆನ್ನು ಮೂರಕ್ಕೂ ಒಂದೇ ಕೋಡ್ ಸಾಕಾಗುತ್ತದೆ. ಆದರೆ ಈವೆಂಟ್ ಕೊಡುವ ಅಂಕಿ ಪರದೆಯ ಲೆಕ್ಕದ್ದು. ನಮಗೆ ಬೇಕಾಗಿರುವುದು ಫೋಟೋದ ಲೆಕ್ಕ. ಡಬ್ಬಿ ಪರದೆಯಲ್ಲಿ ಎಲ್ಲಿದೆ, ಎಷ್ಟು ದೊಡ್ಡದಿದೆ ಅಂತ ಗೆಟ್ ಬೌಂಡಿಂಗ್ ಕ್ಲೈಂಟ್ ರೆಕ್ಟ್ ಫಂಕ್ಷನ್‌ನಿಂದ ಕೇಳಿ ಹೀಗೆ ಬದಲಿಸಿಕೊಳ್ಳಿ:

ಅಡ್ಡ = (ಬೆರಳಿನ ಅಡ್ಡ − ಡಬ್ಬಿಯ ಎಡ ಅಂಚು) × 800 ÷ ಡಬ್ಬಿಯ ಅಗಲ
ಉದ್ದ = (ಬೆರಳಿನ ಉದ್ದ − ಡಬ್ಬಿಯ ಮೇಲಂಚು) × 500 ÷ ಡಬ್ಬಿಯ ಎತ್ತರ

ಉದಾಹರಣೆಗೆ, ಫೋನಿನಲ್ಲಿ ಡಬ್ಬಿ 360 ಪಿಕ್ಸೆಲ್ ಅಗಲ ಇದೆ ಅಂದುಕೊಳ್ಳಿ. ಎಡ ಅಂಚಿನಿಂದ 90ರಲ್ಲಿ ಮುಟ್ಟಿದರೆ ಫೋಟೋದಲ್ಲಿ ಅದು 200. ಈ ಎರಡು ಸಾಲು ಮರೆತರೆ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಫೋನಿನಲ್ಲಿ ಮಾತ್ರ ಬೆರಳೊಂದು ಕಡೆ, ಅಲೆ ಇನ್ನೊಂದು ಕಡೆ.

3. ಮಂಟಪ ಬೆಳಗಿಸುವುದು

ಇಲ್ಲಿ ಜಾವಾಸ್ಕ್ರಿಪ್ಟ್ ಬಹುತೇಕ ಬೇಡ. ಎಸ್‌ವಿಜಿಯಲ್ಲಿ ಮಂಟಪದ ಸುತ್ತ ಒಂದು ಪಾಲಿಗಾನ್ ಎಳೆಯಿರಿ. ಗಿಂಪ್‌ನಲ್ಲಿ ಮೂಲೆಗಳ ಮೇಲೆ ಮೌಸ್ ಇಟ್ಟರೆ ಕೆಳಗೆ ಅಂಕಿ ಕಾಣುತ್ತದೆ, ಅದನ್ನೇ ಬರೆದುಕೊಂಡರಾಯಿತು. ಅದೇ ಆಕಾರವನ್ನು ಬೆಳಗಿದ ನಕಲಿಗೆ ಕ್ಲಿಪ್ ಪಾಥ್ ಆಗಿ ಕೊಡಿ. ಈಗ ಆ ನಕಲಿನಲ್ಲಿ ಮಂಟಪ ಮಾತ್ರ ಉಳಿಯುತ್ತದೆ. ಅದರ ಒಪಾಸಿಟಿ (0 ಅಂದರೆ ಕಾಣುವುದೇ ಇಲ್ಲ, 1 ಅಂದರೆ ಪೂರ್ತಿ ಕಾಣುತ್ತದೆ) ಮೊದಲು 0. ಪಾಲಿಗಾನ್ ಮೇಲೆ ಪಾಯಿಂಟರ್ ಬಂದಾಗ ಡಬ್ಬಿಗೆ ಒಂದು ಕ್ಲಾಸ್ ಸೇರಿಸಿ, ಒಪಾಸಿಟಿ 1 ಮಾಡಿ. ನಡುವಿನ ಬದಲಾವಣೆ ಟ್ರಾನ್ಸಿಶನ್ ನೋಡಿಕೊಳ್ಳುತ್ತದೆ.

ನೇರವಾಗಿ ಬ್ರೈಟ್‌ನೆಸ್ ಫಿಲ್ಟರ್ ಹಾಕಿದರೆ ಆಗುವುದಿಲ್ಲವೇ ಅಂತ ಕೇಳಬಹುದು. ಆಗುತ್ತದೆ. ಆದರೆ ದೊಡ್ಡ ಚಿತ್ರಕ್ಕೆ ಪ್ರತಿ ಫ್ರೇಮಿನಲ್ಲೂ (ಪರದೆ ಹೊಸ ಚಿತ್ರ ತೋರಿಸುವ ಪ್ರತಿ ಸಲವೂ) ಫಿಲ್ಟರ್ ಲೆಕ್ಕ ಹಾಕುವುದು ಹಳೆ ಫೋನುಗಳಿಗೆ ಭಾರ. ಮೊದಲೇ ಬೆಳಗಿಸಿಟ್ಟ ಚಿತ್ರವನ್ನು ಮೇಲೆ ತೇಲಿಸುವುದು ಹಗುರ. ಒಂದು ಮಾತು ನೆನಪಿಡಿ: ಸಾಧ್ಯವಾದಷ್ಟೂ ಟ್ರಾನ್ಸ್‌ಫಾರ್ಮ್ ಮತ್ತು ಒಪಾಸಿಟಿ, ಇವೆರಡನ್ನೇ ಅನಿಮೇಟ್ ಮಾಡಿ. ಅಗಲ, ಎತ್ತರ, ಲೆಫ್ಟ್, ಟಾಪ್ ಬದಲಿಸಿದರೆ ಬ್ರೌಸರ್ ಪುಟದ ಅಳತೆಯನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಆಗಲೇ ಅನಿಮೇಷನ್ ಮುಗ್ಗರಿಸುವುದು.

ಎಷ್ಟು ವೇಗ? ನನ್ನ ಅಭ್ಯಾಸ ಹೀಗೆ: ಬೆಳಕು ಬರಲು 200 ಮಿಲಿಸೆಕೆಂಡ್, ಹೋಗಲು 450. ಮುಟ್ಟಿದ ತಕ್ಷಣ ಉತ್ತರ ಸಿಗಬೇಕು, ಹೋಗುವಾಗ ನಿಧಾನಕ್ಕೆ ಹೋಗಲಿ. ಸಿಎಸ್‌ಎಸ್‌ನಲ್ಲಿ ಇದು ಸುಲಭ. ಬೆಳಗಿದ ಸ್ಥಿತಿಯ ನಿಯಮದಲ್ಲಿ ಬರೆದ ಸಮಯ ಬರುವಾಗಿನದು, ಮಾಮೂಲಿ ಸ್ಥಿತಿಯ ನಿಯಮದಲ್ಲಿ ಬರೆದದ್ದು ಹೋಗುವಾಗಿನದು. ಎರಡೂ ಕಡೆ ಈಸ್ ಔಟ್ (ಶುರುವಿನಲ್ಲಿ ಚುರುಕು, ಕೊನೆಗೆ ಮೆತ್ತಗೆ) ಸಾಕು.

ಮಂಟಪದ ಅಂಚಿನಲ್ಲಿ ಗೆರೆ ಯಾರೋ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಮೂಡಬೇಕೇ? ಪಾಲಿಗಾನ್‌ಗೆ ಪಾಥ್ ಲೆಂತ್ 1 ಅಂತ ಕೊಡಿ. ಸ್ಟ್ರೋಕ್ ಡ್ಯಾಶ್ ಅರೇ ಕೂಡ 1. ಡ್ಯಾಶ್ ಆಫ್‌ಸೆಟ್ ಅನ್ನು 1ರಿಂದ 0ಗೆ ತನ್ನಿ. ಇಡೀ ಗೆರೆಯೇ ಒಂದು ಡ್ಯಾಶ್ ಆಗಿರುವುದರಿಂದ, ಅದು ಜಾರಿ ಒಳಗೆ ಬರುವುದು ನಮಗೆ ಎಳೆದ ಹಾಗೆ ಕಾಣುತ್ತದೆ.

ಇನ್ನು ಹೆಸರಿನ ಚೀಟಿ. ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಟೈಪ್‌ರೈಟರ್ ಎಫೆಕ್ಟ್ ಅಂತ ಒಂದಿರುತ್ತದೆ, ಒಂದೊಂದೇ ಅಕ್ಷರ ಬರುವುದು. ಕನ್ನಡಕ್ಕೆ ಅದನ್ನು ಹಾಗೇ ಹಾಕಬೇಡಿ. 'ಕಲ್ಯಾಣಿ' ನಮಗೆ ಮೂರು ಅಕ್ಷರ, ಕಂಪ್ಯೂಟರ್‌ಗೆ ಏಳು ತುಂಡು. ಒಂದೊಂದಾಗಿ ಸೇರಿಸಿದರೆ ಕ, ಕಲ, ಕಲ್, ಕಲ್ಯ, ಕಲ್ಯಾ, ಕಲ್ಯಾಣ, ಕಲ್ಯಾಣಿ ಅಂತ ಬರುತ್ತದೆ. ಅಕ್ಷರಗಳು ಕುಣಿದು ಕುಪ್ಪಳಿಸುತ್ತವೆ, ನಡುವೆ ಮದುವೆಯೂ ಆಗಿಹೋಗುತ್ತದೆ! ಪ್ರತಿ ತುಂಡನ್ನು ಬೇರೆ ಬೇರೆ ಸ್ಪ್ಯಾನ್‌ನಲ್ಲಿಟ್ಟರೆ ಇನ್ನೂ ಕೆಟ್ಟದು, ಸ್ವರಚಿಹ್ನೆಗಳು ಚುಕ್ಕಿಯ ವೃತ್ತ ಹೊತ್ತು ಒಂಟಿಯಾಗಿ ನಿಂತುಬಿಡಬಹುದು. ಇಡೀ ಪದವನ್ನು ಎಂಟು ಪಿಕ್ಸೆಲ್ ಕೆಳಗಿನಿಂದ ಮೇಲೆ ತಂದು, ಜೊತೆಗೆ ಒಪಾಸಿಟಿ ಏರಿಸಿ. ಸಾಕು. ಲೈನ್ ಹೈಟ್ 1.6ರ ಹತ್ತಿರ ಇರಲಿ. ಓವರ್‌ಫ್ಲೋ ಹಿಡನ್ ಇರುವ ಚೀಟಿಯಲ್ಲಿ ಅದು 1 ಇದ್ದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ.

4. ಬೆಟ್ಟ ಸರಿಸುವುದು

ರೈಲಿನ ಕಿಟಕಿಯಲ್ಲಿ ಹತ್ತಿರದ ಮರ ಓಡುತ್ತದೆ, ದೂರದ ಬೆಟ್ಟ ನಿಂತ ಹಾಗೇ ಇರುತ್ತದೆ. ಹತ್ತಿರದ್ದು, ದೂರದ್ದು ಬೇರೆ ಬೇರೆಯಾಗಿ ಸರಿದರೆ ಆಳ ಕಾಣುತ್ತದೆ. ಅದೇ ತಂತ್ರ ಇಲ್ಲೂ, ತಿರುವುಮುರುವಾಗಿ. ಮುಂದಿನ ಪದರ ನಿಲ್ಲಿಸಿ, ಹಿಂದಿನದನ್ನು ಮೌಸ್ ಹೋದ ಕಡೆಗೆ ಹೆಚ್ಚೆಂದರೆ 6 ಪಿಕ್ಸೆಲ್ ಸರಿಸಿ. ಅಂಚು ಕಾಣದಿರಲಿ ಅಂತ ಆ ಪದರವನ್ನು 1.04ರಷ್ಟು ದೊಡ್ಡದು ಮಾಡಿಟ್ಟಿರಿ. 6 ಅನ್ನೋದು ಕಡಿಮೆ ಅನಿಸಬಹುದು. 30 ಇಟ್ಟು ನೋಡಿ, ತಲೆ ಸುತ್ತುತ್ತದೆ.

ಮೌಸ್ ಇದ್ದ ಜಾಗಕ್ಕೆ ನೇರವಾಗಿ ಹಾರಿಸಿದರೆ ಬೆಟ್ಟ ನಡುಗುತ್ತದೆ. ಆದ್ದರಿಂದ ಪ್ರತಿ ಫ್ರೇಮಿನಲ್ಲೂ ಉಳಿದ ದೂರದ ಹತ್ತನೇ ಒಂದು ಪಾಲು ಮಾತ್ರ ಸರಿಯಲಿ:

ಜಾಗ = ಜಾಗ + (ಗುರಿ − ಜಾಗ) × 0.1

ಗುರಿ 100 ಇದ್ದರೆ ಮೊದಲು 10, ಆಮೇಲೆ 19, ಆಮೇಲೆ 27.1. ಹತ್ತು ಫ್ರೇಮಿಗೆ ಸುಮಾರು 65. ಶುರುವಿನಲ್ಲಿ ಚುರುಕು, ಹತ್ತಿರ ಬಂದಂತೆ ಮೆತ್ತಗೆ. ಸಾಲು ಒಂದೇ, ಆದರೆ ತೂಕ ಇರುವ ವಸ್ತು ಚಲಿಸಿದ ಹಾಗೆ ಕಾಣುತ್ತದೆ. ಲೆಕ್ಕದ ಪ್ರಕಾರ ಇದು ಗುರಿಯನ್ನು ಪೂರ್ತಿ ಮುಟ್ಟುವುದೇ ಇಲ್ಲ. ಆದ್ದರಿಂದ ಉಳಿದ ದೂರ 0.05 ಪಿಕ್ಸೆಲ್‌ಗಿಂತ ಕಡಿಮೆ ಆದಾಗ ಗುರಿಯಲ್ಲೇ ಕೂರಿಸಿ, ಲೂಪ್ ನಿಲ್ಲಿಸಿಬಿಡಿ.

5. ನೀರು

ಇದಕ್ಕೇ ಅಲ್ಲವೇ ಇಷ್ಟೆಲ್ಲ ಶುರುವಾದದ್ದು. ಉಪಾಯ ಹಳೆಯದು. 1990ರ ದಶಕದಲ್ಲಿ ಪುಟ್ಟ ಕಂಪ್ಯೂಟರ್‌ಗಳಲ್ಲಿ ಡೆಮೊ (ಕೈಚಳಕ ತೋರಿಸುವ ಪುಟ್ಟ ಪ್ರೋಗ್ರಾಂ) ಬರೆಯುತ್ತಿದ್ದವರು ಬಳಸುತ್ತಿದ್ದದ್ದು. ಈಗಲೂ ಇದರಷ್ಟು ಕಡಿಮೆ ಸಾಲಿನಲ್ಲಿ ಇಷ್ಟು ಚೆಂದದ ಫಲ ಕೊಡುವುದು ನನಗೆ ಬೇರೆ ಸಿಕ್ಕಿಲ್ಲ.

ಎರಡು ಅರೇ, ಅಂದರೆ ಅಂಕಿಗಳ ಪಟ್ಟಿ, ಬೇಕು. ಒಂದರ ಹೆಸರು 'ಈಗ', ಇನ್ನೊಂದು 'ಹಿಂದೆ'. ಎರಡರಲ್ಲೂ ನೀರಿನ ಪ್ರತಿ ಬಿಂದುವಿನ ಎತ್ತರ ಇರುತ್ತದೆ, ಮೊದಲು ಎಲ್ಲ 0. ಫ್ಲೋಟ್ 32 ಅರೇ ಬಳಸಿ, ಮಾಮೂಲಿ ಅರೇಗಿಂತ ವೇಗ. ಪ್ರತಿ ಹೆಜ್ಜೆಗೂ ಪ್ರತಿ ಬಿಂದುವಿಗೆ ಹೀಗೆ ಮಾಡಿ:

ಹೊಸತು = (ಎಡ + ಬಲ + ಮೇಲೆ + ಕೆಳಗೆ) ÷ 2 − ಹಿಂದೆ
ಹೊಸತು = ಹೊಸತು × 0.97

ಎಡ, ಬಲ, ಮೇಲೆ, ಕೆಳಗೆ ನಾಲ್ಕೂ 'ಈಗ' ಅರೇಯಿಂದ ಬರುವ ಅಕ್ಕಪಕ್ಕದ ಎತ್ತರಗಳು. 'ಹಿಂದೆ' ಅನ್ನೋದು ಅದೇ ಬಿಂದುವಿನ ಹಳೆಯ ಎತ್ತರ. ಬಂದ ಉತ್ತರವನ್ನು 'ಹಿಂದೆ' ಅರೇಯಲ್ಲೇ ಬರೆದು, ಎಲ್ಲ ಮುಗಿದ ಮೇಲೆ ಎರಡು ಅರೇಗಳ ಹೆಸರು ಅದಲುಬದಲು ಮಾಡಿ. ಚಿತ್ರದ ನಾಲ್ಕು ಅಂಚಿನ ಸಾಲುಗಳನ್ನು ಮುಟ್ಟಬೇಡಿ. ಮಾಸ್ಕ್‌ನಲ್ಲಿ ಕಪ್ಪು ಇರುವ ಕಡೆ ಎತ್ತರ ಯಾವಾಗಲೂ 0. ಇದರಿಂದ ಒಂದು ಲಾಭ ಪುಕ್ಕಟೆ ಸಿಗುತ್ತದೆ: ಅಲೆ ಮೆಟ್ಟಿಲಿಗೆ ಬಡಿದು ವಾಪಸ್ ಬರುತ್ತದೆ, ನಿಜವಾದ ಕಲ್ಯಾಣಿಯಲ್ಲಿ ಬರುವ ಹಾಗೇ.

ಇದು ಅಲೆ ಹೇಗೆ ಆಗುತ್ತದೆ ಅಂತ ನಂಬಿಕೆ ಬರಲಿಲ್ಲವಾ? ನನಗೂ ಬಂದಿರಲಿಲ್ಲ. ಮಕ್ಕಳ ಲೆಕ್ಕದ ಪುಸ್ತಕದ ಚೌಕದ ಹಾಳೆ ತಗೊಳ್ಳಿ. ನಡುವಿನ ಚೌಕದಲ್ಲಿ 100 ಬರೆಯಿರಿ, ಉಳಿದದ್ದೆಲ್ಲ 0. 0.97 ಸದ್ಯಕ್ಕೆ ಮರೆತುಬಿಡಿ. ಮೊದಲ ಹೆಜ್ಜೆಯಲ್ಲಿ ನಾಲ್ಕು ಪಕ್ಕದ ಚೌಕಗಳಿಗೆ ತಲಾ 50 ಬರುತ್ತದೆ, ನಡುವಿನದು 0 ಆಗುತ್ತದೆ. ಎರಡನೇ ಹೆಜ್ಜೆಯಲ್ಲಿ ನಡುವಿನ ಚೌಕದ ಲೆಕ್ಕ ನೋಡಿ: ನಾಲ್ಕು ಪಕ್ಕದಿಂದ 200, ಅದರ ಅರ್ಧ 100, ಅದರಲ್ಲಿ ಹಳೆಯ 100 ಕಳೆದರೆ 0. ಮೂಲೆಯ ನಾಲ್ಕು ಚೌಕಗಳಿಗೆ 50, ಎರಡು ಮನೆ ಆಚೆ ಇರುವ ನಾಲ್ಕಕ್ಕೆ 25. ನಡುವೆ ಖಾಲಿ, ಸುತ್ತ ಉಂಗುರ. ಆ ಉಂಗುರ ಹೆಜ್ಜೆ ಹೆಜ್ಜೆಗೂ ಹೊರಗೆ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಇದನ್ನು ಮಾಡಿ ನೋಡಿದ ದಿನ ನನಗೆ ಆದ ಖುಷಿ, ಪರದೆಯ ಮೇಲೆ ನೋಡಿದಾಗಲೂ ಆಗಲಿಲ್ಲ.

0.97 ಅಲೆಯನ್ನು ತಣಿಸುವ ಅಂಕಿ. ಒಂದು ಸೆಕೆಂಡಿಗೆ 60 ಹೆಜ್ಜೆ ಅಂದರೆ, ಒಂದು ಸೆಕೆಂಡಿನಲ್ಲಿ ಅಲೆಯ ಶಕ್ತಿ ಸುಮಾರು ಶೇ. 16ಕ್ಕೆ ಇಳಿಯುತ್ತದೆ, ಎರಡು ಸೆಕೆಂಡಿಗೆ ಶೇ. 3ಕ್ಕಿಂತ ಕಡಿಮೆ. 0.99 ಮಾಡಿದರೆ ಎರಡು ಸೆಕೆಂಡಾದರೂ ಶೇ. 30 ಉಳಿದಿರುತ್ತದೆ, ನೀರು ಸುಮ್ಮನಾಗುವುದೇ ಇಲ್ಲ. 0.90 ಮಾಡಿದರೆ ನೀರಲ್ಲ, ಎಣ್ಣೆ. ಈ ಒಂದು ಅಂಕಿಯನ್ನು ತಿರುಗಿಸುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಬೆರಳು ಮುಟ್ಟಿದಲ್ಲಿ ಹನಿ ಹಾಕುವಾಗ ಒಂದೇ ಬಿಂದುವಿಗೆ ಎತ್ತರ ಕೊಡಬೇಡಿ. ಮೇಲಿನ ಚೌಕದ ಹಾಳೆ ಮತ್ತೆ ನೋಡಿ, ಒಂದು ಬಿಟ್ಟು ಒಂದು ಮನೆ ಖಾಲಿ ಇರುತ್ತದೆ. ಪರದೆಯಲ್ಲಿ ಅದು ಚದುರಂಗದ ಮಣೆಯ ಹಾಗೆ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ನಾಲ್ಕು ಬಿಂದು ತ್ರಿಜ್ಯದ ಪುಟ್ಟ ಗುಡ್ಡ ಮಾಡಿ: ನಡುವೆ ಎತ್ತರ, ಅಂಚಿಗೆ ಹೋದಂತೆ ಇಳಿಜಾರು. ಅಲೆ ನುಣುಪಾಗಿ ಹೊರಡುತ್ತದೆ.

ಇಷ್ಟು ಹೊತ್ತು ಆದದ್ದು ಬರೀ ಎತ್ತರದ ಲೆಕ್ಕ, ಪರದೆಯ ಮೇಲೆ ಏನೂ ಕಾಣುತ್ತಿಲ್ಲ. ನೀರಿನ ಅಲೆ ನಮಗೆ ಕಾಣುವುದು ಅದರೊಳಗಿನ ಬಿಂಬ ಓರೆಯಾದಾಗ. ಅದನ್ನೇ ಮಾಡಬೇಕು. ಪ್ರತಿ ಬಿಂದುವಿಗೂ ಇಳಿಜಾರು ಲೆಕ್ಕ ಹಾಕಿ:

ಅಡ್ಡಬಾಗು = ಎಡದ ಎತ್ತರ − ಬಲದ ಎತ್ತರ
ಉದ್ದಬಾಗು = ಮೇಲಿನ ಎತ್ತರ − ಕೆಳಗಿನ ಎತ್ತರ

ಈಗ ಈ ಬಿಂದುವಿಗೆ ಬಣ್ಣ ಹಾಕುವಾಗ ಅದರ ಸ್ವಂತ ಬಣ್ಣ ಬೇಡ. ಅಡ್ಡಬಾಗು, ಉದ್ದಬಾಗಿನಷ್ಟು ಪಕ್ಕಕ್ಕೆ ಸರಿದು, ಅಲ್ಲಿನ ಫೋಟೋ ಪಿಕ್ಸೆಲ್‌ನ ಬಣ್ಣ ತಂದು ಹಾಕಿ. ಜೊತೆಗೆ ಕೆಂಪು, ಹಸಿರು, ನೀಲಿ ಮೂರಕ್ಕೂ ಅಡ್ಡಬಾಗಿನಷ್ಟು ಅಂಕಿ ಕೂಡಿಸಿ. ಅಲೆಯ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮೈ ಕಪ್ಪಾಗುತ್ತದೆ. ಬಿಸಿಲು ಒಂದು ಕಡೆಯಿಂದ ಬಿದ್ದ ಹಾಗೆ. ಫೋಟೋದಲ್ಲಿ ಬೆಳಕು ಎಡದಿಂದ ಬಂದಿದ್ದರೆ ಕೂಡಿಸುವ ಬದಲು ಕಳೆಯಿರಿ. ಸರಿದು ಹೋದ ಜಾಗ ಮಾಸ್ಕ್‌ನ ಹೊರಗಿದ್ದರೆ ಸ್ವಂತ ಬಣ್ಣವನ್ನೇ ಉಳಿಸಿ, ಇಲ್ಲದಿದ್ದರೆ ಕಲ್ಲಿನ ತುಣುಕು ನೀರಲ್ಲಿ ತೇಲುತ್ತದೆ.

ಕ್ಯಾನ್ವಾಸ್‌ನ ಪಿಕ್ಸೆಲ್ ಪಟ್ಟಿಯಲ್ಲಿ ಪ್ರತಿ ಬಿಂದುವಿಗೆ ನಾಲ್ಕು ಅಂಕಿ: ಕೆಂಪು, ಹಸಿರು, ನೀಲಿ, ಪಾರದರ್ಶಕತೆ. ಆದ್ದರಿಂದ ಬಿಂದುವಿನ ಸಂಖ್ಯೆ = ಸಾಲು × ಅಗಲ + ಅಡ್ಡ, ಪಟ್ಟಿಯಲ್ಲಿ ಅದರ ಜಾಗ = ಸಂಖ್ಯೆ × 4. ಫೋಟೋದ ಪಿಕ್ಸೆಲ್‌ಗಳನ್ನು ಗೆಟ್ ಇಮೇಜ್ ಡೇಟಾದಿಂದ ಒಂದೇ ಸಲ ಓದಿ ಇಟ್ಟುಕೊಳ್ಳಿ. ಪ್ರತಿ ಫ್ರೇಮಿಗೂ ಓದಿದರೆ ಫೋನು ಬಿಸಿಯಾಗುತ್ತದೆ.

ಬಿಸಿಯ ಮಾತು ಬಂತಲ್ಲ, 800 × 500 ಅಂದರೆ 4,00,000 ಬಿಂದು. ಸೆಕೆಂಡಿಗೆ 60 ಸಲ. ಅರ್ಧ ಅಳತೆಯಲ್ಲಿ, 400 × 250ರಲ್ಲಿ ಮಾಡಿದರೆ 1,00,000 ಬಿಂದು, ಕೆಲಸ ಕಾಲು ಭಾಗ. ಆ ಕ್ಯಾನ್ವಾಸನ್ನು ಸಿಎಸ್‌ಎಸ್‌ನಿಂದ ಹಿಗ್ಗಿಸಿ. ಹಿಗ್ಗಿಸಿದ ನೀರು ಸ್ವಲ್ಪ ಮಸುಕಾಗುತ್ತದೆ. ಅಲೆ ಇರುವಾಗ ಆ ಮಸುಕು ಯಾರಿಗೂ ಕಾಣುವುದಿಲ್ಲ, ನೀರು ನಿಂತಾಗ ಕಾಣುತ್ತದೆ. ಇದಕ್ಕೊಂದು ಕಳ್ಳದಾರಿ ಇದೆ. ಪಾರದರ್ಶಕತೆಯ ಅಂಕಿಯನ್ನು ಇಳಿಜಾರಿಗೆ ಕಟ್ಟಿಹಾಕಿ. ಅಲೆ ಇದ್ದಲ್ಲಿ ಕ್ಯಾನ್ವಾಸ್ ಕಾಣಲಿ, ಇಲ್ಲದಲ್ಲಿ ಪೂರ್ತಿ ಪಾರದರ್ಶಕವಾಗಿ ಕೆಳಗಿನ ಚೊಕ್ಕ ಫೋಟೋ ಕಾಣಲಿ. ಅಲೆ ತಣಿದಂತೆಲ್ಲ ಕ್ಯಾನ್ವಾಸ್ ತಾನಾಗಿ ಮಾಯವಾಗುತ್ತದೆ. ಕೊನೆಗೆ ಎಲ್ಲೂ ಎತ್ತರ ಉಳಿದಿಲ್ಲ ಅಂತಾದಾಗ ಲೂಪ್ ನಿಲ್ಲಿಸಿದರೂ ಫೋಟೋ ಜಿಗಿದ ಹಾಗೆ ಕಾಣುವುದಿಲ್ಲ.

ಇದನ್ನೇ ವೆಬ್‌ಜಿಎಲ್‌ನಲ್ಲಿ ಶೇಡರ್ (ಗ್ರಾಫಿಕ್ಸ್ ಚಿಪ್‌ನಲ್ಲೇ ಓಡುವ ಪುಟ್ಟ ಪ್ರೋಗ್ರಾಂ) ಬರೆದೂ ಮಾಡಬಹುದು. ಪರದೆ ತುಂಬುವ ಚಿತ್ರಕ್ಕೆ ಅದೇ ಸರಿ. ಇಷ್ಟು ಚಿಕ್ಕ ಕಲ್ಯಾಣಿಗೆ ಅಷ್ಟು ದೊಡ್ಡ ಸಲಕರಣೆ ಬೇಡ ಅಂತ ನನ್ನ ಲೆಕ್ಕ.

6. ಗಡಿಯಾರ ನೋಡಿ ಓಡಿಸಿ

ಲೂಪ್‌ಗೆ ಸೆಟ್ ಇಂಟರ್ವಲ್ ಬೇಡ, ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ ಬಳಸಿ. ಪರದೆ ಹೊಸ ಚಿತ್ರ ತೋರಿಸುವ ಹೊತ್ತಿಗೆ ಸರಿಯಾಗಿ ಅದು ನಮ್ಮ ಫಂಕ್ಷನ್ ಕರೆಯುತ್ತದೆ. ಸಾಮಾನ್ಯ ಪರದೆಯಲ್ಲಿ ಅದು ಸೆಕೆಂಡಿಗೆ 60 ಸಲ, ಅಂದರೆ 16.67 ಮಿಲಿಸೆಕೆಂಡಿಗೊಮ್ಮೆ. 'ಸಾಮಾನ್ಯ' ಅನ್ನುವ ಪದ ಗಮನಿಸಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದ್ದ ಅಲೆಯನ್ನು ಚಿಕ್ಕಪ್ಪನ ಮಗನ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ತೋರಿಸಹೋದೆ. ಅದರದ್ದು 144 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 144 ಸಲ. ನೀರು 2.4 ಪಟ್ಟು ವೇಗವಾಗಿ ಓಡಿತು. "ಏನಣ್ಣಾ, ಕಲ್ಯಾಣಿಗೆ ಕರೆಂಟ್ ಹೊಡೆಸಿದ್ದೀಯಾ?" ಅಂದ.

ಪರಿಹಾರ ಇಷ್ಟೇ. ಹಿಂದಿನ ಫ್ರೇಮಿನಿಂದ ಎಷ್ಟು ಮಿಲಿಸೆಕೆಂಡ್ ಕಳೆಯಿತು ಅಂತ ನೋಡಿ, ಒಂದು 'ಬಾಕಿ' ಖಾತೆಗೆ ಜಮಾ ಮಾಡಿ. ಬಾಕಿ 16.67 ದಾಟಿದಾಗಲೆಲ್ಲ ನೀರಿನ ಲೆಕ್ಕ ಒಂದು ಹೆಜ್ಜೆ ಓಡಿಸಿ, ಅಷ್ಟನ್ನು ಬಾಕಿಯಿಂದ ಕಳೆಯಿರಿ. 144 ಹರ್ಟ್ಸ್‌ನಲ್ಲಿ ಕೆಲವು ಫ್ರೇಮಿಗೆ ಹೆಜ್ಜೆಯೇ ಇರುವುದಿಲ್ಲ, ನಿಧಾನದ ಫೋನಿನಲ್ಲಿ ಒಂದು ಫ್ರೇಮಿಗೆ ಎರಡು ಹೆಜ್ಜೆ. ವೇಗ ಎಲ್ಲ ಕಡೆ ಒಂದೇ. ಬೇರೆ ಟ್ಯಾಬ್‌ಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರೆ ಬಾಕಿ ಬೆಟ್ಟದಷ್ಟಾಗಿರುತ್ತದೆ. ಆದ್ದರಿಂದ ಒಂದು ಫ್ರೇಮಿಗೆ 50 ಮಿಲಿಸೆಕೆಂಡ್‌ಗಿಂತ ಜಾಸ್ತಿ ಜಮಾ ಮಾಡಬೇಡಿ.

ಬೆಟ್ಟದ 0.1ಕ್ಕೂ ಇದೇ ಕಾಯಿಲೆ. ಅದರ ಬದಲು ಪಾಲು = 1 − 0.9ರ ಘಾತ (ಕಳೆದ ಸಮಯ ÷ 16.67) ಅಂತ ಬರೆಯಿರಿ. 16.67 ಮಿಲಿಸೆಕೆಂಡ್ ಕಳೆದಿದ್ದರೆ ಉತ್ತರ ಮತ್ತೆ 0.1.

7. ಬೇರೆಯವರ ಕೈಗೆ ಕೊಡುವ ಮುಂಚೆ

ಮೊದಲ ಸಲ ಫೋನಿನಲ್ಲಿ ಹಾಕಿ ಅಮ್ಮನಿಗೆ ಕೊಟ್ಟೆ. ಅಲೆ ನೋಡಿದರು, ಚೆನ್ನಾಗಿದೆ ಅಂದರು. ಆಮೇಲೆ ಪುಟ ಕೆಳಗೆ ಹೋಗುತ್ತಲೇ ಇಲ್ಲ ಅಂತ ವಾಪಸ್ ಕೊಟ್ಟರು. ತಪ್ಪು ನನ್ನದೇ. ಫೋಟೋದ ಟಚ್ ಆಕ್ಷನ್ ಅನ್ನು 'ನನ್' (none) ಅಂತ ಇಟ್ಟಿದ್ದೆ, ಅಂದರೆ ಬೆರಳಿನ ಎಳೆತಕ್ಕೆ ಬ್ರೌಸರ್ ಏನೂ ಮಾಡಬಾರದು ಅಂತ; ಫೋನಿನ ಪರದೆ ತುಂಬ ಫೋಟೋ ಇತ್ತು, ಬೆರಳು ಎಲ್ಲಿಟ್ಟರೂ ಅಲೆಯೇ. ಅಲ್ಲಿ ಪ್ಯಾನ್ ವೈ ಅಂತ ಹಾಕಿ. ಆಗ ಮೇಲೆ ಕೆಳಗೆ ಎಳೆದರೆ ಪುಟ ಸರಿಯುತ್ತದೆ, ಅಡ್ಡ ಎಳೆದರೆ, ಸುಮ್ನೆ ತಟ್ಟಿದರೆ ನಮಗೆ ಸಿಗುತ್ತದೆ. ಪುಟ ಸರಿಯಲು ಶುರುವಾದಾಗ ಬ್ರೌಸರ್ ಪಾಯಿಂಟರ್ ಕ್ಯಾನ್ಸಲ್ ಅಂತ ಈವೆಂಟ್ ಕಳಿಸುತ್ತದೆ. ಅದು ಬಂದರೆ ಬೆರಳು ಎತ್ತಿದ ಹಾಗೆ ಅಂತಲೇ ತಿಳಿಯಿರಿ.

ಫೋನಿನಲ್ಲಿ ಹೋವರ್ ಇರುವುದಿಲ್ಲ. ಮೌಸ್ ಬಂದರೆ ಮಾತ್ರ ಬೆಳಗುವ ಮಂಟಪ ಬೆರಳಿಗೆ ಒಮ್ಮೆ ಬೆಳಗಿ ಹಾಗೇ ಅಂಟಿಕೊಂಡುಬಿಡುತ್ತದೆ. ಹೋವರ್ ಇದೆಯೇ ಅಂತ ಮೀಡಿಯಾ ಕ್ವೆರಿಯಲ್ಲಿ (ಸಾಧನ ಎಂಥದ್ದು ಅಂತ ಸಿಎಸ್‌ಎಸ್‌ನಲ್ಲಿ ಕೇಳುವ ಬಗೆ) ಕೇಳಿ, ಇಲ್ಲದಿದ್ದರೆ ತಟ್ಟಿದಾಗ ಬೆಳಗಿಸಿ, ಬೇರೆಲ್ಲಾದರೂ ತಟ್ಟಿದಾಗ ಆರಿಸಿ. ಪಾಲಿಗಾನ್‌ಗೆ ಟ್ಯಾಬ್ ಇಂಡೆಕ್ಸ್ ಮತ್ತು ಕನ್ನಡದಲ್ಲೇ ಒಂದು ಏರಿಯಾ ಲೇಬಲ್ (aria-label, ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರು) ಕೊಟ್ಟರೆ ಕೀಬೋರ್ಡ್ ಬಳಸುವವರಿಗೂ, ಸ್ಕ್ರೀನ್ ರೀಡರ್‌ನಿಂದ ಕೇಳುವವರಿಗೂ ಮಂಟಪ ಸಿಗುತ್ತದೆ.

ಕೆಲವರಿಗೆ ಪರದೆಯ ಮೇಲಿನ ಚಲನೆಯಿಂದ ತಲೆಸುತ್ತು, ವಾಕರಿಕೆ ಬರುತ್ತದೆ. ಅಂಥವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಲನೆ ಕಡಿಮೆ ಮಾಡು ಅಂತ ಹೇಳಿರುತ್ತಾರೆ. ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್ ಅನ್ನುವ ಮೀಡಿಯಾ ಕ್ವೆರಿಯಿಂದ ಅದು ನಮಗೆ ಗೊತ್ತಾಗುತ್ತದೆ. ಗೊತ್ತಾದರೆ ಬೆಟ್ಟ ಸರಿಸುವುದನ್ನು ಪೂರ್ತಿ ಬಿಡಿ, ಅಲೆಯನ್ನೂ ಬಿಡಿ. ಮಂಟಪ ಬೆಳಗುವುದು ಇರಲಿ, ಅದು ಚಲಿಸುವುದಿಲ್ಲವಲ್ಲ.

ತಾನಾಗೇ ಹನಿ ಬೀಳುವ ಹಾಗೆ ಮಾಡಬೇಕು ಅನಿಸುತ್ತದೆ. ನಾನೂ ಮಾಡಿದ್ದೆ, ಮೂರು ಸೆಕೆಂಡಿಗೊಂದು. ಎರಡು ದಿನಕ್ಕೆ ತೆಗೆದು ಹಾಕಿದೆ. ಪಕ್ಕದಲ್ಲಿ ಓದುವುದಕ್ಕೆ ಬರಹವಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕಿಂತ ಜಾಸ್ತಿ, ತಾನಾಗೇ ಅಲ್ಲಾಡುವ ನೀರನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಪುಟ ತೆರೆದಾಗ ಒಂದೇ ಒಂದು ಹನಿ ಬೀಳಲಿ, ಇದು ನೀರು ಅಂತ ಹೇಳಲು. ಮತ್ತೆ ಬೆರಳು ಬರುವ ತನಕ ಸುಮ್ಮನಿರಲಿ.

ಫೋಟೋ ಪರದೆಯಿಂದ ಆಚೆ ಹೋದಾಗ ಇಂಟರ್‌ಸೆಕ್ಷನ್ ಅಬ್ಸರ್ವರ್‌ನಿಂದ ತಿಳಿದು ಲೂಪ್ ನಿಲ್ಲಿಸಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಪರ್ಫಾರ್ಮೆನ್ಸ್ ಅನ್ನುವ ಭಾಗ ತೆರೆದು, ಸಿಪಿಯು ವೇಗ ನಾಲ್ಕು ಪಟ್ಟು ಇಳಿಸಿ ಓಡಿಸಿ ನೋಡಿ. ಒಂದು ಫ್ರೇಮಿನ ಕೆಲಸ 16 ಮಿಲಿಸೆಕೆಂಡ್ ದಾಟುತ್ತಿದ್ದರೆ ಕ್ಯಾನ್ವಾಸ್ ಅಳತೆ ಇನ್ನೂ ಇಳಿಸಿ.

ಕೊನೆಯ ಪರೀಕ್ಷೆ ಅಕ್ಕನ ಮಗಳದ್ದು. ಅವಳು ತಟ್ಟಲಿಲ್ಲ, ಅಂಗೈ ಪೂರ್ತಿ ಇಟ್ಟು ಹಿಟ್ಟು ನಾದಿದ ಹಾಗೆ ಉಜ್ಜಿದಳು. ಹನಿಗಳ ಮೇಲೆ ಹನಿ ಬಿದ್ದು ಎತ್ತರದ ಅಂಕಿಗಳು ಸಾವಿರ ದಾಟಿ, ಕಲ್ಯಾಣಿ ಕಪ್ಪುಬಿಳುಪಿನ ಚೂರುಗಳಾಗಿ ಒಡೆದುಹೋಯಿತು. ಎರಡು ಸಾಲು ಸೇರಿಸಬೇಕಾಯಿತು. ಹಿಂದಿನ ಹನಿಯಿಂದ ಕನಿಷ್ಠ 8 ಪಿಕ್ಸೆಲ್ ದೂರ ಹೋದರೆ ಮಾತ್ರ ಹೊಸ ಹನಿ. ಮತ್ತೆ, ಯಾವ ಬಿಂದುವಿನ ಎತ್ತರವೂ 60 ದಾಟದ ಹಾಗೆ ಒಂದು ಮಿತಿ.